ಆರಾಮ ಅದೀನ್ರಿ ಎನ್ನುವವರ ನಡುವೆ ನೋವಿನ ಡಾಕ್ಟರು

ನೋವಿನ ಚಿಕಿತ್ಸೆಯಲ್ಲಿ ಮೇಲಿನ ತರಬೇತಿಗೆ ಹೊರಟ ಇಬ್ಬರು ಕಿರಿಯ ವೈದ್ಯರು ಹೋದ ವಾರ ನಮ್ಮ ಮನೆಗೆ ಬಂದಿದ್ದರು. ನನ್ನ ಹಳೆಯ ಶಿಷ್ಯ ಮಹಾಂತೇಶ ಕಳಿಸಿದ್ದನಂತೆ. ಬಾಗಿಲಲ್ಲೇ “ಹೇಗಿದ್ದೀರಿ ಮೇಡಂ?” ಎಂದರು. “ಆರಾಮ ಅದೀನಿ, ಬರ್ರಿ” ಎಂದೆ. ಕೂತರು. ನಿಮ್ಮ ಕಾಲದಲ್ಲಿ ಹೇಗಿತ್ತು, ನಾವು ಮೊದಲು ಏನು ಕಲಿಯಬೇಕು ಎಂದು ಕೇಳಿದರು. ನನಗೆ ಆ ಹೊತ್ತಿಗೆ ಮಾತಾಡುವ ಹುಮ್ಮಸ್ಸಿರಲಿಲ್ಲ. ಚಹಾ ಕುಡಿಸಿ ಕಳಿಸಿಬಿಟ್ಟೆ. ಅವರು ಹೋದ ಮೇಲೆ, ಪಾಪ, ಅಷ್ಟು ದೂರದಿಂದ ಬಂದಿದ್ದವಲ್ಲ ಆ ಮಕ್ಕಳು ಅನ್ನಿಸಿತು. ಅವರಿಗೆ ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಯಾವ ಕುರ್ಚಿಯಲ್ಲಿ ಕೂತೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದರಿಂದ ಯಾರ ನೋವೂ ಕಡಿಮೆಯಾಗಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆಯಾಗಿ ಸೇರಿದೆ. ಆಪರೇಷನ್ನಿಗೆ ಮುಂಚೆ ರೋಗಿಗೆ ಪ್ರಜ್ಞೆ ತಪ್ಪಿಸುವುದು, ಮುಗಿದ ಮೇಲೆ ಎಬ್ಬಿಸುವುದು ನನ್ನ ಕೆಲಸ. ಊರಿನವರ ಬಾಯಲ್ಲಿ ನಾನು “ಬೇಹೋಶ್ ಡಾಕ್ಟರಮ್ಮ”. ಕೆಲವರು ಅವಸರದಲ್ಲಿ “ಬೇಹೋಶಮ್ಮ” ಎಂದೂ ಕರೆದದ್ದುಂಟು. ಯಾರನ್ನು ನಾನು ಬೇಹೋಶ್ ಮಾಡಿದೆನೋ ಅವರಿಗೆ ನನ್ನ ಮುಖ ನೆನಪಿರುವುದಿಲ್ಲ. ಹೊಲಿಗೆ ಹಾಕಿದ ಸರ್ಜನ್ನರ ಮನೆಗೆ ಬದನೆಕಾಯಿ, ಹಸಿ ಶೇಂಗಾ ಹೋಗುತ್ತಿತ್ತು. ನನ್ನ ಮನೆಗೆ ಯಾರೂ ಏನೂ ತರಲಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಈ ಕೆಲಸಕ್ಕೆ ಬರುವವರು ಮೊದಲೇ ತಿಳಿದುಕೊಂಡಿರಲಿ ಅಂತ ಅಷ್ಟೆ.

ಆಪರೇಷನ್ ಕೋಣೆಯ ಒಳಗೆ ನೋವಿಗೆ ಬೆಲೆಯಿತ್ತು. ಬಾಗಿಲು ದಾಟಿ ವಾರ್ಡಿಗೆ ಬಂದರೆ ಇರಲಿಲ್ಲ. ಅಲ್ಲಿ ನಡೆಯುತ್ತಿದ್ದದ್ದು ಒಂದೇ ಔಷಧ: “ತಡ್ಕೋ.” ಸಿಸ್ಟರ್ ಹೇಳುತ್ತಿದ್ದದ್ದು ತಡ್ಕೋ, ಆಯಾ ಹೇಳುತ್ತಿದ್ದದ್ದು ತಡ್ಕೋ, ನಮ್ಮ ಸರ್ಜನ್ ಸಾಹೇಬರಂತೂ ರೋಗಿಯ ಕಡೆ ನೋಡದೆಯೇ “ತಡ್ಕೋಬೇಕಪ್ಪ, ಗಂಡಸಲ್ಲೇನು ನೀ?” ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಸಾಹೇಬರು ಕೆಟ್ಟವರಲ್ಲ. ಬೆಳಗಿನಿಂದ ನಿಂತೇ ಕೆಲಸ ಮಾಡುತ್ತಿದ್ದ ಮನುಷ್ಯ. ಅವರ ಮೊಣಕಾಲು ಬಾತಿರುತ್ತಿದ್ದವು, ಅವನ್ನೂ ಅವರು ತಡ್ಕೊಂಡೇ ಇದ್ದರು.

ನೋವಿಗೇ ಒಂದು ಪ್ರತ್ಯೇಕ ವಿಭಾಗ, ಅದಕ್ಕೇ ಮೇಲಿನ ತರಬೇತಿ ಇದೆ ಎಂದು ನನಗೆ ತಿಳಿದದ್ದು ಮುಂಬಯಿಯಿಂದ ಬಂದ ಒಂದು ಸುತ್ತೋಲೆಯಿಂದ. ಒಂದು ವರ್ಷದ ತರಬೇತಿಗೆ ಅರ್ಜಿ ಹಾಕಿದೆ. ಜಿಲ್ಲೆಯಲ್ಲಿ ಬೇಹೋಶ್ ಮಾಡುವವರೇ ಇಲ್ಲ, ಇವರನ್ನು ವರ್ಷಗಟ್ಟಲೆ ಬಿಡುವುದು ಹೇಗೆ ಎಂದು ಮೇಲಿನವರು ತಿರಸ್ಕರಿಸಿದರು. ಮತ್ತೆ ಹಾಕಿದೆ, ಮತ್ತೆ ತಿರಸ್ಕರಿಸಿದರು. ಕೊನೆಗೆ ನನ್ನ ಕಾಟ ತಾಳದೆ ಮೂರು ತಿಂಗಳಿಗೆ ಕಳಿಸಿದರು. ಮೂರು ತಿಂಗಳಲ್ಲಿ ಕಲಿತದ್ದರ ಮೇಲೆ ನಾನು ಉಳಿದ ಜೀವಮಾನ ನೋವಿನ ಡಾಕ್ಟರು ಎನಿಸಿಕೊಂಡೆ. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮುಂಬಯಿಯ ಗುರುಗಳು ಮಹಾ ಕಟ್ಟುನಿಟ್ಟಿನವರು. ಯಾವ ನರದ ಗಂಟು ಎಲ್ಲಿದೆ, ಉದ್ದ ಸೂಜಿ ಯಾವ ಕೋನದಲ್ಲಿ ಹೋಗಬೇಕು, ಎಲ್ಲಿ ಹೋದರೆ ಕಾಲು ಬೀಳುತ್ತದೆ, ಎಲ್ಲಿ ಹೋದರೆ ಜೀವ ಬೀಳುತ್ತದೆ ಎಂದು ಶವದ ಮೇಲೆ, ಎಕ್ಸ್‌ರೇ ಮೇಲೆ ತೋರಿಸುತ್ತಿದ್ದರು. ಸೂಜಿ ಹಿಡಿಯುವ ಮುಂಚೆ ಪ್ರತಿ ರೋಗಿಯ ಮುಂದೆ ಒಂದು ಕಾಗದ ಇಡಬೇಕು. ಕಾಗದದ ಮೇಲೆ ಒಂದು ಉದ್ದ ಗೆರೆ. ಈ ತುದಿಗೆ ನೋವೇ ಇಲ್ಲ, ಆ ತುದಿಗೆ ತಾಳಲಾರದ ನೋವು. ನಿನ್ನ ನೋವು ಎಲ್ಲಿದೆ, ಗೆರೆಯ ಮೇಲೆ ಗುರುತು ಹಾಕು ಎನ್ನಬೇಕು. ಮುಂಬಯಿಯ ಗುಮಾಸ್ತರು, ಗಿರಣಿ ಮೇಸ್ತ್ರಿಗಳು ಪೆನ್ನು ಹಿಡಿದು ಟಕ್ಕನೆ ಗುರುತು ಹಾಕುತ್ತಿದ್ದರು. ನನಗೆ ಬಹಳ ಸಂತೋಷವಾಯಿತು. ಇಷ್ಟು ಸುಲಭ ಉಪಾಯ ನಮಗೆ ಹೊಳೆದಿರಲಿಲ್ಲವಲ್ಲ ಎಂದುಕೊಂಡೆ. ಬರುವಾಗ ಉದ್ದ ಸೂಜಿಗಳನ್ನೂ ಗೆರೆಯ ಕಾಗದಗಳ ಒಂದು ಕಟ್ಟನ್ನೂ ತಂದೆ.

ರಾಯಚೂರಿನಲ್ಲಿ ಸಾಹೇಬರು ನನಗೊಂದು ಕೋಣೆ ಕೊಟ್ಟರು. ಹರಿದ ಹಾಸಿಗೆ, ಹಳೆಯ ಬೆಡ್‌ಶೀಟು ಒಟ್ಟುವ ಕೋಣೆ. ಅರ್ಧ ಕೋಣೆಯಲ್ಲಿ ಹಾಸಿಗೆಗಳು ಹಾಗೇ ಉಳಿದವು, ಉಳಿದರ್ಧದಲ್ಲಿ ನಾನು. “ನೋವಿಗೊಂದು ಕ್ಲಿನಿಕ್ಕು ಅಂತ! ನಾಳೆ ಕೆಮ್ಮಿಗೊಂದು, ಸೀನಿಗೊಂದು ಕೇಳ್ತೀರಿ” ಎಂದು ನಕ್ಕರು. ತಾಲೂಕುಗಳಲ್ಲೂ ಶಿಬಿರ ಮಾಡುತ್ತೇನೆ ಎಂದಾಗ ಮಾತ್ರ ಜೀಪು ಕೊಟ್ಟರು.

ಮೊದಲ ಶಿಬಿರ ದೇವದುರ್ಗದಲ್ಲಿ. ಸೊಂಟದಿಂದ ಕಾಲಿನವರೆಗೆ ಸೆಳೆತ ಎಂದು ಒಬ್ಬ ಹಿರಿಯ ಬಂದ. ಗೆರೆಯ ಕಾಗದ ಅವನ ಮುಂದಿಟ್ಟು, “ಯಪ್ಪಾ, ಈ ಕಡಿಂದ ಆ ಕಡಿ ತನಕ ನೋಡು. ನೀ ಎಲ್ಲಿದ್ದಿ, ಬೆರಳು ಇಡು” ಎಂದೆ. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದು ರಸ್ತಾ ಏನ್ರಿ ಯವ್ವಾ?”

“ಹಂಗಽ ತಿಳ್ಕೋ.” ನನಗೆ ಮುಗಿದರೆ ಸಾಕಾಗಿತ್ತು.

“ಇದು ರಾಯಚೂರು, ಇದು ದೇವದುರ್ಗ ಅನ್ರಿ. ಹಂಗಾರ ನಾ ಇಲ್ಲಿ ಬಸ್ ಹತ್ತೀನ್ರಿ” ಎಂದು ಗೆರೆಯ ತುದಿಗಿಂತ ಸ್ವಲ್ಪ ಈಚೆಗೆ ಬೆರಳಿಟ್ಟ. “ನಮ್ಮೂರು ದೇವದುರ್ಗಕ್ಕ ಹತ್ತರ ಅದ.”

ಶಿಬಿರದಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಅವನ ನಂತರ ಬಂದವರ ಉತ್ತರ ಇನ್ನೂ ಕಷ್ಟದ್ದು. ಗೆರೆ ಬಿಟ್ಟು ಬಾಯಿಮಾತಿನಲ್ಲಿ “ಹ್ಯಾಂಗದೀರಿ?” ಎಂದರೆ ಎಲ್ಲರದೂ ಒಂದೇ ಮಾತು: “ಆರಾಮ ಅದೀನ್ರಿ.” ಕಾಲು ಎಳೆಯುತ್ತ ಬಂದವನೂ ಆರಾಮ, ದವಡೆ ಬಾತವಳೂ ಆರಾಮ. ನಮ್ಮ ಕಡೆ ಅದು ಉತ್ತರವಲ್ಲ, ನಮಸ್ಕಾರಕ್ಕೆ ನಮಸ್ಕಾರ. ನಾನು ಅದೇ ಮಣ್ಣಿನವಳು, ನನಗಿದು ಗೊತ್ತಿರಲಿಲ್ಲವೆಂದಲ್ಲ. ಆದರೆ ಬಿಳಿ ಕೋಟು ಹಾಕಿ ಕೇಳುವಾಗ ನಾವು ಕೇಳಿದ್ದು ಪ್ರಶ್ನೆ ಎಂದೇ ನಂಬುತ್ತೇವೆ. ಎತ್ತಿನ ಹುಣ್ಣು ಕಾಗೆಗೇನು ಗೊತ್ತು ಎನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ.

ವಾಪಸು ಬರುವಾಗ ಜೀಪಿನ ಕುಲುಕಾಟದಲ್ಲಿ ನನ್ನ ತಾಯಿಯ ನೆನಪು ಬಂತು. ಅವಳೂ ಯಾರು ಕೇಳಿದರೂ ಆರಾಮವೇ. ಅವಳಿಗೆ ಮೈ ಸರಿಯಿಲ್ಲವೆಂದು ಮನೆಯಲ್ಲಿ ಗೊತ್ತಾಗುತ್ತಿದ್ದದ್ದು ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸಪ್ಪಳ ಕೇಳದಿದ್ದಾಗ. ಜೋಳದ ರೊಟ್ಟಿ ಬಡಿಯಲು ನೆಲಕ್ಕೆ ಕೂರಬೇಕು, ಮೊಣಕಾಲು ಮಡಚಬೇಕು, ಸೊಂಟ ಬಗ್ಗಬೇಕು, ಭುಜ, ಮುಂಗೈ, ಬೆರಳು ಎಲ್ಲ ಆಡಬೇಕು. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ? ಅಂದಿನಿಂದ ಗೆರೆಯ ಕಾಗದ ಬಿಟ್ಟೆ. ಹೆಂಗಸರಿಗೆ “ಇವತ್ತು ರೊಟ್ಟಿ ಬಡದ್ರೇನು?” ಎಂದೂ, ಗಂಡಸರಿಗೆ “ಯಾವ ಮಗ್ಗಲಾ ಮಲಗಿದ್ರಿ?” ಎಂದೂ ಕೇಳತೊಡಗಿದೆ. ಮುಂಬಯಿಯ ಗುರುಗಳಿಗೆ ತಿಳಿದಿದ್ದರೆ ನನ್ನನ್ನು ತರಗತಿಯಿಂದ ಹೊರಗೆ ಹಾಕುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ತಾಲೂಕಿನ ವೈದ್ಯರಿಗೆ ನಾನೇ ಸಣ್ಣದೊಂದು ತರಬೇತಿ ಶುರು ಮಾಡಿದೆ. ಮಾನ್ವಿಯಿಂದ ಬಂದವನೇ ಡಾಕ್ಟರ್ ಮಹಾಂತೇಶ. ಅಕ್ಕಿ ಗಿರಣಿಯವರ ಮಗ, ಹಣೆಗೆ ವಿಭೂತಿ, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು. ಚುರುಕು ಹುಡುಗ. ಆದರೆ ತರಬೇತಿಯ ಪ್ರಮಾಣಪತ್ರ ಸಿಕ್ಕರೆ ರಾಯಚೂರಿಗೆ ವರ್ಗವಾಗಬಹುದೆಂಬ ಲೆಕ್ಕದಲ್ಲಿ ಬಂದಿದ್ದನೇ ಹೊರತು, ನೋವಿನ ಮೇಲಿನ ಪ್ರೀತಿಯಿಂದಲ್ಲ. ಅದನ್ನವನು ಮುಚ್ಚಿಡಲೂ ಇಲ್ಲ. “ಮೇಡಂ, ರೋಗ ಹೋದ್ರ ನೋವು ತಾನಽ ಹೋಗ್ತದ. ರೋಗ ಹೋಗ್ಲಿಲ್ಲಂದ್ರ ನಾವೇನ್ ಮಾಡೋದದ?” ಎನ್ನುತ್ತಿದ್ದ.

ಒಂದು ಮುಂಜಾನೆ ಅವನಿಗೆ ರೋಗಿಗಳನ್ನು ನೋಡಲು ಬಿಟ್ಟು ನಾನು ಮೂಲೆಯಲ್ಲಿ ಹಾಸಿಗೆಗಳ ಪಕ್ಕ ಕೂತಿದ್ದೆ. ಬಾಗಲವಾಡದ ಈರಮ್ಮ ಒಳಗೆ ಬಂದಳು, ಹಿಂದೆ ಅವಳ ಗಂಡ ದುರಗಪ್ಪ. ಇಬ್ಬರೂ ಕೂಲಿಯವರು, ಕಾಲುವೆ ಗದ್ದೆಗಳಲ್ಲಿ ನಾಟಿ ಹಚ್ಚುವವರು. ಕೆಲವು ವಾರಗಳ ಹಿಂದೆ ನಮ್ಮ ಸಾಹೇಬರೇ ಅವಳ ಹೊಟ್ಟೆ ತೆರೆದು ನೋಡಿ, ಮೇದೋಜೀರಕದ ಗಡ್ಡೆ ಕೈಮೀರಿದೆ ಎಂದು ಹಾಗೇ ಹೊಲಿದು ಮನೆಗೆ ಕಳಿಸಿದ್ದರು. ಕುರ್ಚಿಯಿದ್ದರೂ ಈರಮ್ಮ ನೆಲದ ಮೇಲೆ ಕೂತಳು. ಹಣೆ ಮೊಣಕಾಲಿಗೆ ತಾಗುವಷ್ಟು ಬಗ್ಗಿ ಕೂತಳು.

“ಹ್ಯಾಂಗದಿ ಬೇ?” ಮಹಾಂತೇಶ ಕೇಳಿದ.

“ಆರಾಮ ಅದೀನ್ರಿ ಯಪ್ಪಾ.”

“ನೋವು ಅದ ಏನು?”

“ಏನ್ ನೋವ್ರಿ. ಬಡವರಿಗೆ ಇರಾದಽ. ಆರಾಮ ಅದೀನ್ರಿ.”

“ಮೇಜಿನ ಮ್ಯಾಲ ಅಂಗಾತ ಮಲಗು, ಹೊಟ್ಟಿ ನೋಡ್ತೀನಿ.”

“ಬ್ಯಾಡ್ರಿ ಯಪ್ಪಾ, ಮೇಜು ಹೊಲಸ ಆಗ್ತದ್ರಿ. ನಾ ಇಲ್ಲೇ ಕುಂದ್ರತೀನಿ.”

ಮಹಾಂತೇಶ ಒತ್ತಾಯ ಮಾಡಲಿಲ್ಲ. ನೋವಿಲ್ಲ ಎಂದು ಬರೆದ. ಅವನು ಮಾಡಿದ ತಪ್ಪನ್ನು ಬೇರೆ ಊರಿನ ಡಾಕ್ಟರು ಮಾಡುತ್ತಿರಲಿಲ್ಲ. ಗಿರಣಿಯ ಅಂಗಳದಲ್ಲಿ, ಅಪ್ಪನ ಗಾದಿಯ ಮುಂದೆ, ಊರ ಹೊರಗಿನ ಕೇರಿಯ ಹೆಂಗಸರು ಹೀಗೇ ನೆಲಕ್ಕೆ ಬಗ್ಗಿ ಕೂತದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿದ್ದ. ಮೇಜು ಹೊಲಸಾಗುತ್ತದೆ ಎಂಬ ಮಾತನ್ನೂ ಕೇಳಿ ಬೆಳೆದಿದ್ದ. ಅವನ ಕಣ್ಣಿಗೆ ಅದು ಮರ್ಯಾದೆ. ಆದರೆ ಮೇದೋಜೀರಕದ ಗಡ್ಡೆಯವರು ಅಂಗಾತ ಮಲಗಲಾರರು, ಮಲಗಿದರೆ ಹೊಟ್ಟೆಯಿಂದ ಬೆನ್ನಿಗೆ ಈಟಿ ಹಾಯ್ದಂತಾಗುತ್ತದೆ, ಮುಂದೆ ಬಗ್ಗಿದರೆ ಒಂದಿಷ್ಟು ತಾಳಿಕೆ. ಪುಸ್ತಕದಲ್ಲಿ ಅವನೂ ಓದಿದ್ದ ಸಂಗತಿಯೇ ಅದು.

ನಾನು ಎದ್ದು ಬಂದು ಅವಳ ಮುಂದೆ ನೆಲದ ಮೇಲೆ ಕೂತೆ. “ಈರಮ್ಮ, ಇವತ್ತು ರೊಟ್ಟಿ ಬಡದಿಯೇನು?”

ಅವಳು ತಲೆ ಎತ್ತಲಿಲ್ಲ. ದುರಗಪ್ಪ ಕೆಮ್ಮಿದ. “ನಾನಽ ಬಡೀತೀನ್ರಿ ಯವ್ವಾ” ಎಂದ, ಕಳ್ಳತನ ಸಿಕ್ಕಿಬಿದ್ದವನ ಹಾಗೆ. ಮಹಾಂತೇಶನಿಗೆ ನಗು ಬಂತು. ನಮ್ಮ ಕಡೆ ಗಂಡಸು ರೊಟ್ಟಿ ಬಡಿಯುವುದೆಂದರೆ ಹಾಗೆ.

“ಎಂದಿನಿಂದ?”

“ನಾಟಿ ಹಚ್ಚಾಕ ಶುರು ಮಾಡಿದಾಗಿಂದ್ರಿ. ಈಗ ಭತ್ತ ಹೊಡಿ ಒಡದಾವ.” ಭತ್ತ ತೆನೆ ಬಿಟ್ಟಿದೆ ಎಂದರೆ ಎರಡು ತಿಂಗಳ ಮೇಲಾಯಿತು.

“ಇಕಿ ಹ್ಯಾಂಗ ಮಲಗ್ತಾಳ?”

“ಮಲಗಲ್ರೀ. ಜ್ವಾಳದ ಚೀಲಕ್ಕ ಬಗ್ಗಿ ಕುಂತಿರ್ತಾಳ. ಇಕಿ ಬೆನ್ನು ನೆಲಕ್ಕ ಹತ್ತಿದ್ದು ನಾ ನೋಡಽ ಇಲ್ರಿ.”

ಮಹಾಂತೇಶನ ನಗು ನಿಂತಿತು. ಬರೆದದ್ದನ್ನು ಹೊಡೆದುಹಾಕಿದ. ಅವಳ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, ಅವಳನ್ನು ಈಗ ಬಹುವಚನದಲ್ಲಿ ಮಾತಾಡಿಸಿದ: “ಯಾಕ ಆರಾಮ ಅಂದ್ರಿ, ಯವ್ವಾ?”

“ದೊಡ್ಡಾರು ಕೇಳಿದಾಗ ಆರಾಮಿಲ್ಲ ಅನ್ನಬಾರದ್ರಿ ಯಪ್ಪಾ. ನೀವು ಕೇಳಿದ್ದಽ ದೊಡ್ಡದು.”

ಅವಳಿಗೆ ಉಳಿದದ್ದು ಕೆಲವು ತಿಂಗಳು. ಅಷ್ಟನ್ನೂ ಜೋಳದ ಚೀಲಕ್ಕೆ ಒರಗಿ ಕಳೆಯುವುದೋ, ಮನುಷ್ಯರ ಹಾಗೆ ಬೆನ್ನು ನೆಲಕ್ಕೆ ಹಚ್ಚಿ ಮಲಗುವುದೋ, ಅಷ್ಟೇ ಪ್ರಶ್ನೆ. ಬೆನ್ನಿನ ಎರಡೂ ಕಡೆಯಿಂದ ಉದ್ದ ಸೂಜಿ ಹಾಕಿ, ಹೊಟ್ಟೆಯ ಹಿಂದಿನ ನರದ ಗಂಟಿಗೆ ಆಲ್ಕೋಹಾಲ್ ಬಿಟ್ಟು ಅದನ್ನು ಸುಡುವ ವಿಧಾನವನ್ನು ನಾನು ಮುಂಬಯಿಯಲ್ಲಿ ನೋಡಿದ್ದೆ, ಗುರುಗಳ ಕೈಕೆಳಗೆ ಮಾಡಿಯೂ ಇದ್ದೆ. ಒಬ್ಬಳೇ ಮಾಡಿರಲಿಲ್ಲ. ಮಹಾರಕ್ತನಾಳ ಪಕ್ಕದಲ್ಲೇ ಇರುತ್ತದೆ. ವರ್ಷದ ತರಬೇತಿ ಸಿಕ್ಕಿದ್ದರೆ ಇಷ್ಟು ಯೋಚಿಸಬೇಕಿರಲಿಲ್ಲವೇನೋ.

ಸಾಹೇಬರು ರೇಗಿದರು. “ಸಾಯೋಳಿಗೆ ಸೂಜಿ ಯಾಕ್ರೀ? ಟೇಬಲ್ ಮ್ಯಾಲ ಹೋದ್ರ ಜವಾಬ್ದಾರಿ ಯಾರದು? ನಿಮ್ಮ ಕೋಣಿ ಬಾಗಿಲಾ ಮುಚ್ಚಬೇಕಾಗ್ತದ, ನೋಡ್ರಿ.” ಉತ್ತರ ಕೊಟ್ಟವನು ಮಹಾಂತೇಶ. “ಸರ್, ಆಕಿ ನಾಟಿ ಹಚ್ಚಿದಾಗಿಂದ ಮಲಗಿಲ್ರಿ” ಎಂದ. ಸಾಹೇಬರು ಬಹಳ ಹೊತ್ತು ತಮ್ಮ ಮೊಣಕಾಲು ಉಜ್ಜಿಕೊಂಡರು. ಆಮೇಲೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿದರು: “ಗುರುವಾರ ನಾ ಊರಾಗ ಇರಲ್ಲ.” ಗುರುವಾರ ಅವರು ಊರಲ್ಲೇ ಇದ್ದರು, ಆದರೆ ಆಸ್ಪತ್ರೆಯ ಕಡೆ ಬರಲಿಲ್ಲ.

ಎಕ್ಸ್‌ರೇ ಕೋಣೆಯಲ್ಲಿ ಮಾಡಿದೆವು. ಮೇಜು ಎತ್ತರ, ಅವಳಿಗೆ ಹತ್ತಲಾಗಲಿಲ್ಲ. ಮಹಾಂತೇಶ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ದುರಗಪ್ಪ ಗಾಬರಿಯಾಗಿ “ಯಪ್ಪಾ, ನೀವು ಮುಟ್ಟಬ್ಯಾಡ್ರಿ, ನಾ ಎತ್ತತೀನಿ” ಎನ್ನುತ್ತ ಓಡಿ ಬಂದ. “ಸರಿ ಮಾಮಾ, ನೀ ಕಾಲು ಹಿಡಿ” ಎಂದ ಮಹಾಂತೇಶ. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದೆವು. ಸೂಜಿ ಹಾಕಿ ಫೋಟೋ ತೆಗೆದು, ತೊಳೆದು ತರುವವರೆಗೆ ಕಾದು, ಒಂದಿಷ್ಟು ಸರಿಸಿ ಮತ್ತೆ ಫೋಟೋ ತೆಗೆದೆವು. ಮೊದಲು ಮರಗಟ್ಟಿಸುವ ಔಷಧ, ಆಮೇಲೆ ಆಲ್ಕೋಹಾಲ್. ಅದು ಒಳಗಿಳಿದ ಕ್ಷಣ ಈರಮ್ಮ ಕೂಗಿದಳು: “ಯವ್ವಾ, ಸುಡಾಕತ್ತದ! ಸುಡಾಕತ್ತದ ಬೇ!”

ಆ ಕೂಗು ಕೇಳಿ ನನಗೆ ಸಂತೋಷವಾಯಿತು ಎಂದರೆ ನಂಬುತ್ತೀರಾ? ಅವಳು ಮೊದಲ ಸಲ ಆರಾಮ ಎನ್ನದೆ ನಿಜ ಹೇಳಿದ್ದಳು. ಆದರೆ ಸಂತೋಷ ಪಡುತ್ತ ನಿಲ್ಲಲು ಸಮಯವಿರಲಿಲ್ಲ, ರಕ್ತದೊತ್ತಡ ಇಳಿಯತೊಡಗಿತು. ಸಲೈನ್ ಹರಿಸುತ್ತ, ಕಾಲು ಎತ್ತಿ ಹಿಡಿದು, ಬಾಯಿಗೆ ಬಂದ ದೇವರನ್ನೆಲ್ಲ ನೆನೆದೆ. ಮಹಾಂತೇಶ ಅವಳ ನಾಡಿಯಿಂದ ಕೈ ತೆಗೆಯಲಿಲ್ಲ. ಮೆಲ್ಲಗೆ ನಾಡಿ ತುಂಬಿ ಬಂತು.

ವಾರ್ಡಿಗೆ ತಂದು ಮಲಗಿಸಿದೆವು. ಮಧ್ಯಾಹ್ನ ನಾನು ಚಹಾ ಕುಡಿಯುವಾಗ ದುರಗಪ್ಪ ಟವೆಲ್ಲು ಬಾಯಿಗೆ ಒತ್ತಿಕೊಂಡು ಓಡಿ ಬಂದ. “ಯವ್ವಾ, ಹೋದಳೇನ್ರಿ?” ಎಂದು ಅಳತೊಡಗಿದ. ನಾವಿಬ್ಬರೂ ಎದ್ದು ಓಡಿದೆವು. ಈರಮ್ಮ ಅಂಗಾತ ಮಲಗಿದ್ದಳು. ಕೈಕಾಲು ಚೆಲ್ಲಿ, ಬಾಯಿ ತೆರೆದು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಅವಳು ಮಲಗಿದರೆ ಹೇಗಿರುತ್ತಾಳೆ ಎಂಬುದೇ ದುರಗಪ್ಪನಿಗೆ ಮರೆತುಹೋಗಿತ್ತು.

“ಮಲಗ್ಯಾಳಪ್ಪ” ಎಂದೆ.

ಮುಂದೆ ಮಾನ್ವಿಯ ಶಿಬಿರ ಮುಗಿಸಿ ಮಹಾಂತೇಶನೂ ನಾನೂ ಬಾಗಲವಾಡಕ್ಕೆ ಹೋದೆವು. ಕೇರಿಯ ಬಾಯಲ್ಲಿ ಜೀಪು ನಿಲ್ಲಿಸಿ ನಡೆದೆವು. ಮನೆಯ ಹತ್ತಿರ ಬರುವಾಗಲೇ ಸಪ್ಪಳ ಕೇಳಿತು. ಪಟ್, ಪಟ್, ಪಟ್. ಮಹಾಂತೇಶ ನಿಂತುಬಿಟ್ಟ. “ಮೇಡಂ, ದುರಗಪ್ಪ ಇರಬೇಕು” ಎಂದ ಮೆಲ್ಲಗೆ. ದುರಗಪ್ಪ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತಿದ್ದ. ಈರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ನಾವು ಬಾಯಿ ತೆರೆಯುವ ಮುಂಚೆಯೇ “ಆರಾಮ ಅದೀನ್ರಿ, ಬರ್ರಿ” ಎಂದಳು. ಬಿಸಿ ರೊಟ್ಟಿ, ಪುಂಡಿಪಲ್ಲೆ ಕೊಟ್ಟಳು. ಮಹಾಂತೇಶ ಅಲ್ಲೇ ಕೂತು ಉಂಡ. ಮನೆಯಲ್ಲಿ ಗೊತ್ತಾದಾಗ ಅವನ ಅಪ್ಪ ಕೆಲವು ದಿನ ಮಾತು ಬಿಟ್ಟಿದ್ದರಂತೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ. ಆದರೆ ನೀವು ಈ ಕೆಲಸಕ್ಕೆ ಬರುವವರು, ಪೂರ್ತಿ ಹೇಳಬೇಕು. ಎರಡನೇ ಬೆಳೆಗೆ ಕಾಲುವೆಯ ನೀರು ಬರುವ ಮುಂಚೆ ಈರಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನೋವು ಮರಳಿ ಬಂದಿತ್ತು. ಮಾರ್ಫಿನ್ ಬೇಕಾಗಿತ್ತು. ಆಪರೇಷನ್ ಕೋಣೆಯ ಬೀಗದೊಳಗೆ ನಾಲ್ಕು ಕುಪ್ಪಿ ಇದ್ದರೂ ಅವನ್ನು ಬಾಗಲವಾಡಕ್ಕೆ ಒಯ್ಯುವಂತಿರಲಿಲ್ಲ. ಕೆಲವು ವರ್ಷಗಳಲ್ಲಿ ಮಾದಕ ವಸ್ತುಗಳ ಹೊಸ ಕಾಯ್ದೆ ಬಂದ ಮೇಲಂತೂ ಮಾರ್ಫಿನ್ ಎಂಬ ಹೆಸರೆತ್ತಿದರೆ ಔಷಧದಂಗಡಿಯವರು ನಮ್ಮನ್ನೇ ಸಂಶಯದಿಂದ ನೋಡುತ್ತಿದ್ದರು. ಕೈಯಲ್ಲಿ ವಿದ್ಯೆಯಿದ್ದೂ ಔಷಧವಿಲ್ಲದೆ ರೋಗಿಯ ಪಕ್ಕ ಕೂತು, ಯಾವ ಶಬ್ದವನ್ನು ದ್ವೇಷಿಸಿದ್ದೆನೋ ಅದನ್ನೇ ನಾನೂ ಹೇಳಿದ್ದೇನೆ: ತಡ್ಕೋ. ನನ್ನನ್ನು ದಣಿಸಿದ್ದು ಕೆಲಸವಲ್ಲ, ಅದು.

ಮರುವರ್ಷ ಮುಂಬಯಿಯ ವರ್ಷದ ತರಬೇತಿಗೆ ಮಹಾಂತೇಶ ಅರ್ಜಿ ಹಾಕಿದ. ಅವನಿಗೆ ಅನುಮತಿ ಕೊಟ್ಟರು. ನನಗೆ ಹೊಟ್ಟೆಕಿಚ್ಚು ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ನನ್ನ ಉದ್ದ ಸೂಜಿಗಳನ್ನು ಅವನಿಗೇ ಕೊಟ್ಟೆ. ನಾನು ನಿವೃತ್ತಳಾದ ಮೇಲೆ ನನ್ನ ಕೋಣೆಗೆ ಹಾಸಿಗೆಗಳು ಪೂರ್ತಿಯಾಗಿ ವಾಪಸು ಬಂದವಂತೆ.

ಇಷ್ಟು ಬರೆದು ನಿನ್ನೆ ಮುಗಿಸುವ ಹೊತ್ತಿಗೆ ಫೋನು ಬಂತು. ಮಹಾಂತೇಶ. ಈಗ ಅವನ ತಲೆಯೂ ಬೆಳ್ಳಗಾಗಿದೆ.

“ಹುಡುಗ್ರು ಬಂದಿದ್ರು ಅಂತಲ್ರಿ ಮೇಡಂ. ಹ್ಯಾಂಗದಾರ ಮೇಡಂ ಅಂತ ಕೇಳಿದೆ. ಆರಾಮ ಅದಾರ ಅಂದ್ರು.”

“ಹೂಂ, ಆರಾಮ ಅದೀನಪ್ಪ.”

“ಮೇಡಂ, ಇವತ್ತು ರೊಟ್ಟಿ ಬಡದ್ರೇನು?”

ನಾನು ಅಡಿಗೆಮನೆಯ ಕಡೆ ನೋಡಿದೆ. ರೊಟ್ಟಿ ಬೇಯಿಸುವ ಹಂಚು ಗೋಡೆಗೆ ಆನಿಸಿದಲ್ಲೇ ಇತ್ತು, ಧೂಳು ಹಿಡಿದಿತ್ತು. ದಸರೆಯಿಂದ ಮುಟ್ಟಿರಲಿಲ್ಲ. ಬಲಭುಜ ಎತ್ತಲಾಗುವುದಿಲ್ಲ, ಕೆಳಗೆ ಕೂತರೆ ಏಳಲಾಗುವುದಿಲ್ಲ. ಆ ಮಕ್ಕಳು ಬಂದ ದಿನ ಚಹಾದ ಪಾತ್ರೆಯನ್ನು ಎಡಗೈಯಲ್ಲಿ ಇಳಿಸಿದ್ದೆ. ಇಬ್ಬರೂ ನೋಡುತ್ತಲೇ ಇದ್ದರು.

“ಇಲ್ಲೋ ಮಹಾಂತೇಶ” ಎಂದೆ. “ಬಡದಿಲ್ಲ. ಭಾಳ ನೋಯ್ತದ.”

“ನಾಳೆ ಬರ್ತೀನ್ರಿ” ಎಂದ. “ಆ ಇಬ್ಬರನ್ನೂ ಕರ್ಕೊಂಡು ಬರ್ತೀನಿ.”